ಸಣ್ಣ ಬಾಯಿಯ ಸ್ಪೀಕರ್

ದೊಡ್ಡಬಳ್ಳಾಪುರ
2 ಜೂನ್ 2024

ಚಿ. ಸೌ. ಶ್ವೇತಳಿಗೆ ಚಿಕ್ಕಪ್ಪ ರಾಮಲಿಂಗಯ್ಯನ ಆಶೀರ್ವಾದ.

ಇಲ್ಲಿ ನಾನು, ನಿನ್ನ ಚಿಕ್ಕಮ್ಮ ಗಂಗಲಕ್ಷ್ಮಮ್ಮ, ನಾಲ್ಕು ಕರೆಂಟ್ ಮಗ್ಗಗಳು ಎಲ್ಲರೂ ಚೆನ್ನಾಗಿದ್ದೇವೆ. ಸಮೇತನಹಳ್ಳಿಯಲ್ಲಿ ನೀನು, ಅಳಿಯ ಸಂತೋಷ್, ನಿನ್ನ ಶಾಲೆಯ ಮಕ್ಕಳು ಹೇಗಿದ್ದೀರಿ ಬರೆ. ಫೋನ್ ಮಾಡಿದರೆ ನಾನು ಎತ್ತುವುದಿಲ್ಲ ಎಂದು ಚಿಕ್ಕಮ್ಮನ ಹತ್ತಿರ ದೂರು ಹೇಳಿದೆಯಂತೆ. ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದಮ್ಮ. ಕಾಗದ ಹಾಗಲ್ಲ. ದೊಡ್ಡಬೆಳವಂಗಲದಲ್ಲಿ ಏಳನೇ ಕ್ಲಾಸು ಮುಗಿಸಿದವನ ಅಕ್ಷರ ಹೇಗಿರುತ್ತದೆ ಎಂದು ಇದನ್ನು ನಿನ್ನ ಹೆಡ್‌ಮೇಷ್ಟ್ರಿಗೆ ತೋರಿಸು. ಅವರು ನಾಚಿಕೊಂಡರೆ ನಾನು ಜವಾಬ್ದಾರನಲ್ಲ.

ನೀನು ಕಳಿಸಿದ ರೆಕಾರ್ಡ್ ಪ್ಲೇಯರ್ ಬಂತು. ಮುಚ್ಚಳ ತೆಗೆದ ಕೂಡಲೇ ಬೀದಿಗೆ ಬೀದಿಯೇ ಮನೆಯೊಳಗೆ ಬಂತು. ಮದುವೆಗೆ ಮುಂಚೆ ನಾನು ಕೊಂಡಿದ್ದ ಹರಿಕಥೆ, ನಾಗಸ್ವರದ ರೆಕಾರ್ಡುಗಳನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದೇನೆ. ನೇಕಾರರ ಸಂಘದ ಅಧ್ಯಕ್ಷ ಅಪ್ಪಯ್ಯಣ್ಣ, ನನ್ನ ಜೊತೆ ಮಗ್ಗಕ್ಕೆ ಕೂತವನು, ಬಂದು ತಟ್ಟೆ ಮುಟ್ಟಿ ನೋಡಿದ. ನಾನು ಹೇಳಿದೆ: "ಹುಷಾರು ಕಣೋ, ಇದರ ಮುಂದೆ ಯಾರಾದ್ರೂ ಸುಳ್ಳು ಹೇಳಿದ್ರೆ ಮುಳ್ಳು ಹಾರ್‍ಬಿಡ್ತದೆ. ಜಪಾನಿನೋರು ಹಂಗೇ ಮಾಡವ್ರೆ." ನಂಬಿದನೋ ಬಿಟ್ಟನೋ ಕಾಣೆ. ಕಾಫಿ ಕುಡಿಯುವಾಗ ಮಾತ್ರ ಆ ಮೂಲೆ ಬಿಟ್ಟು ಈ ಮೂಲೆಗೆ ಬಂದು ಕೂತ.

ಪ್ಲೇಯರನ್ನು ನಮ್ಮ ಹಳೆಯ ಆಂಪ್ಲಿಫೈಯರಿಗೆ ಸಿಕ್ಕಿಸಿದರೆ ಸದ್ದು ಸೊಳ್ಳೆಯಷ್ಟು ಬಂತು. ನೀನು ಹೇಳಿದ ಹುಡುಗ, ನಿನ್ನ ಜೊತೆ ಓದಿದ, ಇಲ್ಲೇ ಪಕ್ಕದ ಮಧುರೆಯ ಅನಿಲ್‌ಕುಮಾರ್, ಬಂದು ನೋಡಿ, ನಡುವೆ ಸದ್ದು ಎತ್ತಿಕೊಡುವ ಒಂದು ಸಣ್ಣ ಡಬ್ಬಿ ಬೇಕು ಎಂದ. ನನಗೆ ಮೊದಲೇ ಗೊತ್ತಿತ್ತು. ಅವನ ಬಾಯಿಂದಲೇ ಬರಲಿ ಎಂದು ಸುಮ್ಮನಿದ್ದೆ. ಹಳೆಯ ಸ್ಪೀಕರುಗಳೂ ಇದಕ್ಕೆ ಸಾಲವಂತೆ. ಅವನೇ ತನ್ನ ಶೆಡ್ಡಿನಲ್ಲಿ ಪೆಟ್ಟಿಗೆ ಕೊಯ್ದು, ಮೇಲೆ ತೇಗದ ಹೊದಿಕೆ ಅಂಟಿಸಿ ಒಂದು ಜೊತೆ ಮಾಡಿಕೊಡುತ್ತಿದ್ದಾನೆ. ಒಂದೊಂದರಲ್ಲೂ ಎರಡು ಬಾಯಿ. ಕೆಳಗಿನ ದೊಡ್ಡ ಬಾಯಿ ಡೋಲಿಗೆ, ಮೇಲಿನ ಸಣ್ಣ ಬಾಯಿ ತಾಳಕ್ಕೆ, ಗೆಜ್ಜೆಗೆ. ಈ ಕೆಲಸ ಶುರುಮಾಡಿ ಇನ್ನೂ ಒಂದು ವರ್ಷವಾಗಿಲ್ಲ, ಒಬ್ಬರು ಮೆಚ್ಚಿ ಇನ್ನೊಬ್ಬರಿಗೆ ಹೇಳಿದರೇ ನನಗೆ ಅನ್ನ ಎಂದ. ನಾನು ಅಂದೆ, "ನನ್ ಕಿವಿಗೆ ಒಪ್ಪಿಗೆ ಆಯ್ತು ಅಂದ್ರೆ ದೊಡ್ಡಬಳ್ಳಾಪುರಕ್ಕೇ ಒಪ್ಪಿಗೆ ಆಯ್ತು ಅಂದ್ಕೋ."

ಉತ್ಪ್ರೇಕ್ಷೆ ಅಲ್ಲ. ಮಗ್ಗದ ಸದ್ದಿನಲ್ಲೇ ಲಾಳಿ ಎಲ್ಲಿ ತಡವರಿಸಿತು ಎಂದು ಹೇಳುವ ಕಿವಿ ಇದು. ಬರುವ ಅಮಾವಾಸ್ಯೆ ಮಗ್ಗಕ್ಕೆ ರಜ. ಸಂಘದವರನ್ನೆಲ್ಲ ಕರೆದಿದ್ದೇನೆ. ಅವರ ಸಮುದಾಯ ಭವನಕ್ಕೂ ಸ್ಪೀಕರ್ ಬೇಕಂತೆ. ಅನಿಲನಿಗೇ ಕೊಡಿಸುತ್ತೇನೆ.

ನಿನ್ನ ಚಿಕ್ಕಪ್ಪ, ಕಿವಿಯುಳ್ಳವನು,
ರಾಮಲಿಂಗಯ್ಯ


ದೊಡ್ಡಬಳ್ಳಾಪುರ
7 ಜೂನ್ 2024

ಶ್ವೇತಮ್ಮನಿಗೆ,

ನಿನ್ನ ಮೇಲೆ ನನಗೆ ಕೋಪವಿಲ್ಲ. ನೀನು ಮುಗ್ಧೆ, ಜೊತೆಯಲ್ಲಿ ಓದಿದವನು ಎಂದು ನಂಬಿದೆ. ನಿನ್ನೆ ನಡೆದದ್ದನ್ನು ಬರೆಯುತ್ತೇನೆ, ಓದಿಕೋ.

ಜನ ಸೇರಿದರು. ಚಿಕ್ಕಮ್ಮ ಬೋಂಡ ಕರಿದಳು. ಅನಿಲ ಮುಳ್ಳು ಇಟ್ಟ. ನಾಗಸ್ವರ ಬಂತು, ಡೋಲು ಎದೆಗೆ ಗುದ್ದಿತು. ಎಲ್ಲರೂ ಭೇಷ್ ಎಂದರು. ಆದರೆ ತಾಳ ಕೇಳಲಿಲ್ಲ. ಆ ರೆಕಾರ್ಡಿನಲ್ಲಿ ತಾಳ ಎಲ್ಲಿ ಬೀಳುತ್ತದೆ ಎಂದು ನನಗೆ ಬಾಯಿಪಾಠ. ಎದ್ದು ಹೋಗಿ ಮೇಲಿನ ಸಣ್ಣ ಬಾಯಿಗೆ ಕಿವಿ ಇಟ್ಟೆ. ಕಲ್ಲು! ಇನ್ನೊಂದು ಪೆಟ್ಟಿಗೆಗೂ ಇಟ್ಟೆ. ಅದೂ ಕಲ್ಲು!

"ಏನಪ್ಪಾ ಅನಿಲ, ಮೇಲಿನದ್ರಲ್ಲಿ ಏನೂ ಬರ್ತಿಲ್ವಲ್ಲ?" ಎಂದೆ.

"ಬರ್ತಾ ಇದೆ ಯಜಮಾನ್ರೆ. ಚೆನ್ನಾಗೇ ಬರ್ತಾ ಇದೆ."

"ಎಲ್ಲಿ ಬರ್ತಾ ಇದೆ? ನಿಮ್ಮೂರಲ್ಲಾ?"

ಜನ ನಕ್ಕರು. ನಾನು ಒಬ್ಬನೇ ತೀರ್ಪು ಕೊಡುವವನಲ್ಲ. ಅಪ್ಪಯ್ಯಣ್ಣನನ್ನು ಕರೆದೆ. ಬಗ್ಗಿ ಕಿವಿ ಇಟ್ಟ, ತಲೆ ಆಡಿಸಿದ. ಅವನ ಹಿಂದೆ ಸಂಘದ ಇನ್ನೂ ಮೂವರು ಹಿರಿಯರು ಸಾಲಾಗಿ ಬಗ್ಗಿ ನೋಡಿದರು. ಒಬ್ಬನಿಗೂ ಕೇಳಲಿಲ್ಲ! ಎಲ್ಲರೂ ಹುಟ್ಟು ಮಗ್ಗದವರು, ಮೋಸದ ನೂಲನ್ನು ಬೆರಳಲ್ಲೇ ಕಂಡುಹಿಡಿಯುವವರು.

ಅವನು ಮಾತ್ರ, "ನಂಗೆ ಕೇಳಿಸ್ತಿದೆ, ನಂಗೆ ಕೇಳಿಸ್ತಿದೆ" ಎನ್ನುತ್ತಲೇ ಇದ್ದ. ಅಪ್ಪಯ್ಯಣ್ಣ ಹೇಳಿದ, "ಮಾಡ್ದೋನಿಗೆ ಕೇಳ್ದೆ ಇರ್ತದಾ ಗುರು? ನಮ್ಗೆ ಕೇಳ್ಬೇಕು." ನಾನು ಸ್ಕ್ರೂಡ್ರೈವರ್ ತಂದು ಎಲ್ಲರೆದುರಿಗೆ ಆ ಬಾಯಿ ಬಿಚ್ಚಿ, ತಂತಿ ಕತ್ತರಿಸಿ ಕೈಯಲ್ಲಿ ಹಿಡಿದು ತೋರಿಸಿದೆ. "ನೋಡ್ರಪ್ಪಾ, ಚಂದಕ್ಕೆ ಕೂರಿಸವ್ನೆ. ದೇವರಿಗೆ ಗಿಲೀಟಿನ ಕಣ್ಣು ಇಟ್ಟಂಗೆ." ಆ ನಗು ನೀನು ನೋಡಬೇಕಿತ್ತು. ಹುಡುಗ ಚಪ್ಪಲಿ ಮೆಟ್ಟಿಕೊಂಡು ಹೋದ. ಬೋಂಡ ಮುಟ್ಟಲಿಲ್ಲ.

ಭವನದ ಕೆಲಸ ಅವನಿಗಿಲ್ಲ ಎಂದು ಅಲ್ಲೇ ತೀರ್ಮಾನವಾಯಿತು. ಸಂಘದ ವಾಟ್ಸಾಪಿನಲ್ಲೂ ಹಾಕಿದ್ದೇವೆ, ಬೇರೆಯವರು ಮೋಸ ಹೋಗಬಾರದಲ್ಲ. ನೀನು ಬೇಜಾರು ಮಾಡಿಕೊಳ್ಳಬೇಡ. ಚಿಕ್ಕಪ್ಪನ ಕಿವಿ ಇರುವವರೆಗೆ ನಮ್ಮ ಮನೆಗೆ ಮೋಸ ನುಗ್ಗುವುದಿಲ್ಲ.

ರಾಮಲಿಂಗಯ್ಯ


ಸಮೇತನಹಳ್ಳಿ
19 ಜೂನ್ 2024

ಚಿಕ್ಕಪ್ಪನವರಿಗೆ ನಮಸ್ಕಾರ.

ಭಾನುವಾರ ನಿಮ್ಮ ಮನೆಗೆ ಬಂದಾಗ ಹೇಳಬೇಕೆಂದಿದ್ದೆ. ಬೀದಿಯವರೆಲ್ಲ ಕೂತಿದ್ದರು, ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಇಡೀ ದಾರಿ ಇದನ್ನೇ ಯೋಚಿಸಿದೆ.

ನೀವು ತಂತಿ ಕತ್ತರಿಸದೆ ಬಿಟ್ಟ ಇನ್ನೊಂದು ಪೆಟ್ಟಿಗೆ ಇದೆಯಲ್ಲ, ಚಿಕ್ಕಮ್ಮ ಅದರಲ್ಲಿ ಹರಿಕಥೆ ಹಾಕಿದರು. ನಾನು ಅಡುಗೆಮನೆಯಲ್ಲಿದ್ದೆ. ದಾಸರ ಚಿಟಿಕೆಯ ಸದ್ದು ಅಲ್ಲಿಗೆ ಬಂತು. ಎದ್ದು ಬಂದು ಮೇಲಿನ ಸಣ್ಣ ಬಾಯಿಗೆ ಕಿವಿ ಇಟ್ಟೆ. ಚಿಕ್ಕಪ್ಪ, ಅದರಲ್ಲಿ ಸದ್ದು ಬರುತ್ತಿದೆ. ಗೆಜ್ಜೆ, ಚಿಟಿಕೆ, ದಾಸರು ಉಸಿರೆಳೆದುಕೊಳ್ಳುವುದು, ಎಲ್ಲ. ಚಿಕ್ಕಮ್ಮನಿಗೂ ಕೇಳಿಸಿತು. "ನಿಮ್ಮ ಚಿಕ್ಕಪ್ಪನಿಗೆ ನೀನೇ ಹೇಳು, ನನ್ನ ಕೈಲಾಗಲ್ಲ" ಎಂದರು.

ಇನ್ನೊಂದು ವಿಷಯ. ಜಗಲಿಯ ಮೇಲೆ ನೀವು ಪೇಪರ್ ಓದುತ್ತಿದ್ದಿರಿ. ಹಿಂದಿನಿಂದ ಚಿಕ್ಕಪ್ಪ ಎಂದು ಕೂಗಿದೆ. ಮತ್ತೆ ಕೂಗಿದೆ. ನೀವು ಪುಟ ತಿರುಗಿಸಿದಿರಿ. ಎದುರಿಗೆ ಬಂದು ನಿಂತ ಮೇಲೆ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟಿರಿ. ಆಗ ನನಗೆ ಗೊತ್ತಾಯಿತು. ಮಗ್ಗದ ಮನೆಯಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುವುದಲ್ಲವೇ? ಆ ಸದ್ದಿನಲ್ಲಿ ಬೇರೆ ದಾರಿ ಇಲ್ಲ. ಮಗ್ಗ ನಿಂತ ಮೇಲೂ ನೀವು ತುಟಿಯನ್ನೇ ನೋಡುತ್ತಿದ್ದೀರಿ. ಅದು ನಿಮಗೇ ತಿಳಿದಿಲ್ಲ.

ನಮ್ಮ ಶಾಲೆಗೆ ಮಕ್ಕಳ ತಪಾಸಣೆಗೆ ಬಂದ ಕಿವಿ ಡಾಕ್ಟರನ್ನು ಕೇಳಿದೆ. ದೊಡ್ಡ ಸದ್ದಿನಲ್ಲಿ ಬದುಕಿದವರಿಗೆ ಮೊದಲು ಹೋಗುವುದು ಸಣ್ಣ, ಚೂಪಾದ ಸದ್ದುಗಳೇ ಅಂತೆ. ಡೋಲು ಕೇಳುತ್ತದೆ, ತಾಳ ಕೇಳುವುದಿಲ್ಲ. ಅಂದು ಕಿವಿ ಇಟ್ಟು ನೋಡಿದವರೆಲ್ಲ ಮಗ್ಗದವರೇ ಎಂದು ನೀವೇ ಬರೆದಿದ್ದೀರಿ.

ಇದರಲ್ಲಿ ನಾಚಿಕೆಪಡುವುದು ಏನೂ ಇಲ್ಲ. ಕಿವಿಯನ್ನು ಆಮೇಲೆ ತೋರಿಸೋಣ, ನಾನೇ ಕರೆದುಕೊಂಡು ಹೋಗುತ್ತೇನೆ. ಮೊದಲು ಅನಿಲ್ ವಿಷಯ ಸರಿಮಾಡಿ. ಆಗಲೇ ಎರಡು ಮನೆಯವರು ಅವನ ಸ್ಪೀಕರ್ ಬೇಡ ಎಂದರಂತೆ.

ನಿಮ್ಮ
ಶ್ವೇತ


ದೊಡ್ಡಬಳ್ಳಾಪುರ
24 ಜೂನ್ 2024

ಶ್ವೇತಳಿಗೆ,

ಕಾಗದ ತಲುಪಿತು. ನನ್ನ ಅಣ್ಣನ ಮಗಳು, ನನ್ನ ಹೆಗಲ ಮೇಲೆ ಕೂತು ದೊಡ್ಡವಳಾದವಳು, ನನ್ನನ್ನು ಕಿವುಡ ಎಂದು ಬರೆದಿದ್ದೀಯೆ. ಅದೂ ನೀಟಾಗಿ, ಟೀಚರಮ್ಮನ ಅಕ್ಷರದಲ್ಲಿ!

ಒಬ್ಬ ಕಿವುಡನಾಗಬಹುದು. ಇಡೀ ಸಂಘ ಒಟ್ಟಿಗೆ ಕಿವುಡಾಗುತ್ತದೆಯೇ? ಅಪ್ಪಯ್ಯಣ್ಣನಿಗೆ ಈ ಮಾತು ತಿಳಿದರೆ ನಿನ್ನ ಡಾಕ್ಟರನ್ನು ಲಾಳಿಗೆ ಕಟ್ಟಿ ಓಡಿಸುತ್ತಾನೆ. ಪೇಪರ್ ಓದುವಾಗ ನಾನು ದೇವರು ಕರೆದರೂ ತಿರುಗುವುದಿಲ್ಲ, ಅದು ನನ್ನ ಗತ್ತು. ಚಿಕ್ಕಮ್ಮನಿಗೆ ಕೇಳಿಸಿತಂತೆ! ಅವಳಿಗೆ ಪಕ್ಕದ ಮನೆಯವರು ಮನಸ್ಸಿನಲ್ಲಿ ಅಂದುಕೊಂಡದ್ದೂ ಕೇಳಿಸುತ್ತದೆ.

ಆ ಹುಡುಗನ ಪರ ಇನ್ನು ಬರೆಯಬೇಡ.

ರಾಮಲಿಂಗಯ್ಯ


ದೊಡ್ಡಬಳ್ಳಾಪುರ
9 ಜುಲೈ 2024

ಅಮ್ಮ ಶ್ವೇತ,

ಹದಿನೈದು ದಿನ ಬರೆಯಲಿಲ್ಲ. ಕೈ ಬರಲಿಲ್ಲ.

ನಮ್ಮ ಮಗ್ಗದ ಮನೆಯ ಮೂಲೆಯಲ್ಲಿ ಯುಪಿಎಸ್ ಇದೆಯಲ್ಲ, ಅದು ಕೆಟ್ಟು ಕೀ ಕೀ ಎನ್ನುತ್ತಿದೆ ಎಂದು ನಿನ್ನ ಚಿಕ್ಕಮ್ಮ ಯುಗಾದಿಯಿಂದ ಹೇಳುತ್ತಿದ್ದಳು. ನಾನು ತಮಾಷೆ ಮಾಡುವವನಲ್ಲವೇ, ಅವಳೂ ನನ್ನ ಮೇಲೆ ತಮಾಷೆ ಕಲಿತಳು ಎಂದುಕೊಂಡಿದ್ದೆ. ನಿನ್ನ ಕಾಗದಕ್ಕೆ ಉತ್ತರ ಬರೆದು ಅಂಚೆಗೆ ಹಾಕಿ ಬಂದ ಮೇಲೆ ಮಗ್ಗಗಳನ್ನೆಲ್ಲ ನಿಲ್ಲಿಸಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಕೆಂಪು ದೀಪ ಮಿಣುಕುತ್ತಿತ್ತು. ಚಿಕ್ಕಮ್ಮನನ್ನು ಕರೆದು, "ಈಗ ಕೂಗ್ತಾ ಇದ್ಯಾ?" ಎಂದೆ. "ಹೂಂ, ತಲೆ ಚಿಟ್ಟು ಹಿಡೀತದೆ" ಎಂದಳು. ಅದರ ಮೇಲೆ ಕಿವಿ ಒತ್ತಿದೆ. ಬೆಚ್ಚಗಿತ್ತು. ಅಷ್ಟೇ.

ಎದ್ದು ಮಗ್ಗ ಹಾಕಿದೆ. ನಾಲ್ಕನ್ನೂ ಹಾಕಿದೆ.

ನೀನು ಬರೆದದ್ದು ನಿಜ. ಇದನ್ನು ನಿನಗೆ ಬಿಟ್ಟು ಯಾರಿಗೂ ಹೇಳಿಲ್ಲ, ನೀನೂ ಹೇಳಬೇಡ. ಈ ಬೀದಿಯಲ್ಲಿ ನನಗಿರುವುದು ಬಾಯಿ, ಕಿವಿ ಎರಡೇ ಆಸ್ತಿ.

ಅನಿಲನ ವಿಷಯ ಚಿಂತೆ ಬಿಡು, ಸರಿಮಾಡಿದ್ದೇನೆ. ಮೊನ್ನೆಯ ಅಮಾವಾಸ್ಯೆಗೆ ಎಲ್ಲರೂ ಸೇರಿದ್ದರು. ನಾನು ಹೇಳಿದೆ: "ಆ ಮಧುರೆ ಹುಡುಗ ಬಂದಿದ್ದ ಕಣ್ರಪ್ಪಾ. ಗೊತ್ತಾಗದೆ ತಪ್ಪಾಯ್ತು ಯಜಮಾನ್ರೆ ಅಂತ ಕೈಮುಗಿದ. ಹೊಸಾದು ಹಾಕ್ಕೊಟ್ಟವ್ನೆ. ಈಗ ಗಿಣಿ ಮಾತಾಡ್ದಂಗೆ ಮಾತಾಡ್ತದೆ." ಅಪ್ಪಯ್ಯಣ್ಣ, "ಪರವಾಗಿಲ್ಲ, ತಿದ್ಕೊಂಡ" ಎಂದ. ನೋಡಿದೆಯಾ, ನಿನ್ನ ಚಿಕ್ಕಪ್ಪನ ತಲೆ! ಅವನ ಹೆಸರೂ ಉಳಿಯಿತು, ನನ್ನ ಕಿವಿಯೂ ಉಳಿಯಿತು.

ಇದಕ್ಕೆ ಉತ್ತರ ಬೇಗ ಬರೆ.

ನಿನ್ನ ಚಿಕ್ಕಪ್ಪ


ಸಮೇತನಹಳ್ಳಿ
20 ಜುಲೈ 2024

ಚಿಕ್ಕಪ್ಪನವರಿಗೆ,

ನಿನ್ನೆ ಶಾಲೆ ಬಿಡುವ ಹೊತ್ತಿಗೆ ಅನಿಲ್ ಗೇಟಿನ ಹತ್ತಿರ ನಿಂತಿದ್ದ. ಮಧುರೆಯಿಂದ ಬೈಕಿನಲ್ಲಿ ಬಂದಿದ್ದಾನೆ, ಒಂದೇ ಮಾತು ಕೇಳಲು.

"ಶ್ವೇತ, ನಾನು ನಿಮ್ಮ ಚಿಕ್ಕಪ್ಪನಿಗೆ ಯಾವಾಗ ಕೈ ಮುಗಿದೆ?"

ನನಗೆ ನೆಲ ಬಿಟ್ಟು ಬೇರೆಲ್ಲೂ ನೋಡಲು ಆಗಲಿಲ್ಲ.

ಮೊದಲು ಜನ ಅವನನ್ನು ಮೋಸಗಾರ ಎಂದಾಗ, ಇಲ್ಲ ಎನ್ನುವ ಜಾಗ ಅವನಿಗಿತ್ತಂತೆ. ನನ್ನ ಕೆಲಸ ಸರಿಯಿದೆ, ಬಂದು ನೋಡಿ ಎನ್ನುತ್ತಿದ್ದನಂತೆ. ಈಗ, "ನೀನೇ ತಪ್ಪು ಒಪ್ಕೊಂಡ್ಯಂತಲ್ಲಪ್ಪ" ಎನ್ನುತ್ತಾರೆ. ಆ ಜಾಗವನ್ನೂ ನೀವು ಕಿತ್ತುಕೊಂಡಿರಿ. ಅವರಮ್ಮ ಹಾಲಿನ ಡೇರಿಗೆ ಹೋದಾಗ ಯಾರೋ ಕೇಳಿದರಂತೆ, ನಿನ್ನ ಮಗ ದೊಡ್ಡಬಳ್ಳಾಪುರದಲ್ಲಿ ಕಾಲಿಗೆ ಬಿದ್ದನಂತೆ ನಿಜವಾ ಎಂದು. ಆಕೆ ಮನೆಗೆ ಬಂದು ಮಗನನ್ನು ಬೈಯಲಿಲ್ಲವಂತೆ. ತಟ್ಟೆಗೆ ಅನ್ನ ಬಡಿಸಿ, "ನಂಗಾದ್ರೂ ನಿಜ ಹೇಳು" ಎಂದರಂತೆ. ಶೆಡ್ಡು ಮುಚ್ಚಿ ಎಲ್ಲಾದರೂ ಕೂಲಿಗೆ ಸೇರಿಕೊಳ್ಳುತ್ತೇನೆ ಎಂದ.

ನಿಮ್ಮ ಕಿವಿಯ ವಿಷಯ ನಾನು ಅವನಿಗೆ ಹೇಳಲಿಲ್ಲ. ನೀವು ಹೇಳಬೇಡ ಎಂದಿರಿ, ನಾನು ಬಾಯಿ ಮುಚ್ಚಿಕೊಂಡೆ. ಹಾಗಾಗಿ ನಾಚಿಕೆಯಲ್ಲಿ ಅರ್ಧ ಈಗ ನನ್ನದು.

ನೀವು ಆ ಜನರೆದುರು ನಿಜ ಹೇಳುವವರೆಗೆ ನಾನು ಬರೆಯುವುದಿಲ್ಲ, ಬರುವುದೂ ಇಲ್ಲ.

ಶ್ವೇತ


ದೊಡ್ಡಬಳ್ಳಾಪುರ
5 ಆಗಸ್ಟ್ 2024

ಶ್ವೇತ,

ನೀನು ಉತ್ತರ ಬರೆಯಬೇಕೆಂದು ಇದನ್ನು ಬರೆಯುತ್ತಿಲ್ಲ. ನಡೆದದ್ದು ನನ್ನ ಕೈಯಿಂದಲೇ ನಿನಗೆ ತಿಳಿಯಲಿ ಎಂದು.

ಶನಿವಾರ ಮಧುರೆಗೆ ಹೋದೆ. ಅನಿಲ ಶೆಡ್ಡಿನಲ್ಲಿ ಹಲಗೆಗಳನ್ನು ಗೋಡೆಗೆ ಒರಗಿಸುತ್ತಿದ್ದ. ಅವರಮ್ಮ ನೀರು ಕೊಟ್ಟರು. ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಹೋದ ಮಾತುಗಳೆಲ್ಲ ಆ ಲೋಟದೊಳಗೇ ಬಿದ್ದುಹೋದವು. ಕಡೆಗೆ, "ನಿನ್ ಸ್ಪೀಕರ್ ಸರಿಯಾಗಿತ್ತು ಕಣಪ್ಪಾ. ನಂಗೆ ಕಿವಿ ಇಲ್ಲ" ಎಂದೆ. "ಇದನ್ನ ನನ್ ಹತ್ರ ಹೇಳಿದ್ರೆ ಏನ್ ಬಂತು ಯಜಮಾನ್ರೆ?" ಎಂದ. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾಳೆ ಅಮಾವಾಸ್ಯೆ, ಮನೆಗೆ ಬಾ, ಅವರೆದುರೇ ಹೇಳುತ್ತೇನೆ ಎಂದೆ. ಬರುವುದಿಲ್ಲ ಎಂದ. ಅವನ ತಾಯಿ ಬಾಗಿಲಿಂದಲೇ, "ಹೋಗು" ಎಂದರು.

ನಿನ್ನೆ ಭೀಮನ ಅಮಾವಾಸ್ಯೆ. ಬೆಳಿಗ್ಗೆ ನಿನ್ನ ಚಿಕ್ಕಮ್ಮ ಪದ್ಧತಿಯಂತೆ ನನ್ನನ್ನು ಮಣೆಯ ಮೇಲೆ ಕೂರಿಸಿ ಪಾದ ತೊಳೆದು ಪೂಜೆ ಮಾಡಿದಳು. ಪ್ರತಿ ವರ್ಷ ನಾನು, "ಚೆನ್ನಾಗಿ ಉಜ್ಜೇ, ದೇವರ ಕಾಲು" ಎಂದು ಕಿಚಾಯಿಸುತ್ತಿದ್ದೆ. ನಿನ್ನೆ ಕಾಲು ಹಿಂದಕ್ಕೆ ಎಳೆದುಕೊಂಡೆ. ಅವಳು ಎಳೆದು ತಟ್ಟೆಯಲ್ಲಿ ಇಟ್ಟಳು.

ಮಧ್ಯಾಹ್ನ ಸಂಘದ ಅದೇ ನಾಲ್ವರು ಬಂದರು. ಅನಿಲನೂ ಬಂದು ಬಾಗಿಲ ಹತ್ತಿರ ನಿಂತ, ಕೂರಲಿಲ್ಲ. ನಾನು ಎದ್ದು ನಿಂತು ಹೇಳಿದೆ: ಈ ಹುಡುಗ ತಪ್ಪು ಮಾಡಿಲ್ಲ, ಕೈ ಮುಗಿದಿಲ್ಲ, ಹೊಸದು ಹಾಕಿಕೊಟ್ಟಿಲ್ಲ. ನಾನು ಕಿವುಡ. ಅದನ್ನು ಮುಚ್ಚಲು ಅವನ ಮೇಲೆ ಸುಳ್ಳು ಹೇಳಿದೆ.

ಅವರೇನು ಮಾಡಿದರು ಗೊತ್ತೇ? ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏನ್ಲಾ ರಾಮಲಿಂಗ, ಇದ್ಯಾವ ಹೊಸ ನಾಟಕ?" ಎಂದ ಅಪ್ಪಯ್ಯಣ್ಣ. "ಕಿವುಡ ಆದೋನು ಇಷ್ಟೊತ್ತು ನಮ್ ಜೊತೆ ಹೆಂಗೆ ಮಾತಾಡ್ದೆ?"

ಇಷ್ಟು ವರ್ಷ ತಮಾಷೆ ಹಂಚಿದವನು ನಾನು, ನಿಜ ಹೇಳಿದರೆ ಯಾರು ಕೊಳ್ಳುತ್ತಾರೆ? ಆಣೆ ಇಟ್ಟೆ, ಇನ್ನೂ ನಕ್ಕರು. ಕಡೆಗೆ ಅವರಿಗೆ ಬೆನ್ನು ಹಾಕಿ ಗೋಡೆ ಕಡೆ ತಿರುಗಿ ನಿಂತೆ. "ಅನಿಲ, ಹಿಂದಿನಿಂದ ಏನಾದ್ರೂ ಹೇಳು. ಕೂಗ್ಬೇಡ, ಮಾಮೂಲಿ ಗಂಟಲಲ್ಲಿ ಹೇಳು. ನಂಗೆ ಕೇಳುತ್ತಾ ನೋಡ್ಲಿ ಇವ್ರು" ಎಂದೆ. ಅಪ್ಪಯ್ಯಣ್ಣನಿಗೆ ಹುರುಪು ಬಂತು. "ತಡಿಯಲಾ, ನಾನೂ ನಿಂತ್ಕೋತೀನಿ. ನಂಗೆ ಕೇಳಿಸಿದ್ದನ್ನ ನಿಂಗೆ ಹೇಳ್ತೀನಿ" ಎಂದು ನನ್ನ ಪಕ್ಕ ಬಂದು ಗೋಡೆಗೆ ಮುಖ ಮಾಡಿದ. ಮಿಕ್ಕ ಮೂವರೂ ಬಂದರು. ಮೇಷ್ಟ್ರು ನಿಲ್ಲಿಸಿದ ಹುಡುಗರ ಹಾಗೆ ಸಾಲಾಗಿ ನಿಂತೆವು. ಮಗ್ಗಗಳೆಲ್ಲ ನಿಂತಿದ್ದವು.

ಕಾದೆವು. ಗೋಡೆಯ ಸುಣ್ಣದಲ್ಲಿ ಒಂದು ಇರುವೆ ಹತ್ತುತ್ತಿತ್ತು, ಅದನ್ನೇ ನೋಡುತ್ತಿದ್ದೆ.

ಅಪ್ಪಯ್ಯಣ್ಣ ಗೋಡೆ ನೋಡುತ್ತಲೇ ಗಟ್ಟಿಯಾಗಿ ಕೂಗಿದ: "ಶುರು ಮಾಡಪ್ಪಾ! ಎಷ್ಟೊತ್ತು ನಿಲ್ಲೋದು?"

ಆಮೇಲೂ ಏನೂ ಇಲ್ಲ. ತಿರುಗಿದೆವು. ಅನಿಲ ಬಾಯಿ ಮುಚ್ಚಿಕೊಂಡು ನಿಂತಿದ್ದ. ಅವನ ಕಣ್ಣು ಕೆಂಪಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿನ್ನ ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅವನು ಆಗಲೇ ಹೇಳಿ ಮುಗಿಸಿದ್ದ.

ಯಾರೂ ನಗಲಿಲ್ಲ. ನಾವೆಲ್ಲ ಮಗ್ಗದವರು, ಒಬ್ಬರ ಮುಖ ಒಬ್ಬರು ನೋಡಿದರೆ ಮಾತು ಓದಿಬಿಡುತ್ತೇವೆ. ಅದಕ್ಕೇ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಪ್ಪಯ್ಯಣ್ಣ ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡ, ಮತ್ತೆ ಕೊಡವಿದ. "ಭವನದ ಕೆಲಸ ನೀನೇ ಮಾಡಪ್ಪ. ಗ್ರೂಪಲ್ಲಿ ನಾನೇ ಹಾಕ್ತೀನಿ, ತಪ್ಪು ನಮ್ದು ಅಂತ" ಎಂದ. ನಾನು ತಂತಿ ಕತ್ತರಿಸಿದ್ದ ಪೆಟ್ಟಿಗೆಯನ್ನು ಅನಿಲ ಎತ್ತಿ ಬೈಕಿಗೆ ಕಟ್ಟಿಕೊಂಡು ಹೋದ. ರಿಪೇರಿಗೋ, ವಾಪಸ್ಸಿಗೋ, ಕೇಳುವ ಮುಖ ನನಗಿರಲಿಲ್ಲ.

ಎಲ್ಲರೂ ಹೋದ ಮೇಲೆ ಒಲೆಯ ಮುಂದೆ ಹೋಗಿ ಕೂತು ನಿನ್ನ ಚಿಕ್ಕಮ್ಮನನ್ನು ಕೇಳಿದೆ, "ಅವನು ಹಿಂದೆ ನಿಂತ್ಕೊಂಡು ಏನಂದ?"

ಅವಳು ಒಲೆ ಕಡೆ ತಿರುಗಿ, ನನಗೆ ಬೆನ್ನು ಮಾಡಿಕೊಂಡು, ಎಲ್ಲವನ್ನೂ ಹೇಳಿದಳು. ಹಿಂದಿನಿಂದ ಅವಳ ಕೆನ್ನೆ ಆಡುವುದಷ್ಟೇ ನನಗೆ ಕಂಡಿತು.

ಚಿಕ್ಕಪ್ಪ
ರಾಮಲಿಂಗಯ್ಯ